ನಮ್ಮ ಕಾಲದ ಬದಲಾವಣೆ ನಿಜಕ್ಕೂ ಎಷ್ಟು ದೊಡ್ಡದು? ಪದೇ ಪದೇ ಕೇಳುವ ಪ್ರಶ್ನೆಗಳು

ತಂತ್ರಜ್ಞಾನದ ಬಗ್ಗೆ ನಾಲ್ಕು ಜನ ಸೇರಿ ಮಾತಾಡುವ ಕಡೆಯೆಲ್ಲ ಸುಮಾರು ಇದೇ ಪ್ರಶ್ನೆಗಳು ಬರುತ್ತವೆ. ಪತ್ರಗಳಲ್ಲೂ ಇವೇ. ಕೇಳಿದವರ ಮಾತನ್ನು ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಉದಾಹರಣೆಗಳು ಹೆಚ್ಚಿನವು ಕರ್ನಾಟಕದವೇ. ದೂರದ ದೇಶದ್ದು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ನಮ್ಮೂರಿನದು ಹೇಳಿದರೆ ವಾದಕ್ಕೆ ಬರುತ್ತಾರೆ. ವಾದವೇ ವಾಸಿ.

## ಮೊದಮೊದಲ ಪ್ರಶ್ನೆಗಳು

ನಮ್ಮಷ್ಟು ಬದಲಾವಣೆ ನೋಡಿದ ತಲೆಮಾರು ಇನ್ನೊಂದಿಲ್ಲ ಅಂತಾರೆ. ನಿಜಾನಾ?

ಅರ್ಧ ನಿಜ. 1890ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಎಂಬತ್ತು ವರ್ಷ ಬದುಕಿದವರೊಬ್ಬರನ್ನು ಊಹಿಸಿಕೊಳ್ಳಿ. ಎಣ್ಣೆ ದೀಪದ ಬೆಳಕಲ್ಲಿ ಅಕ್ಷರ ಕಲಿತರು. ಎಂಟು ವರ್ಷದವರಿದ್ದಾಗ ಊರಿಗೆ ಪ್ಲೇಗು ಬಂತು. ಹದಿನೈದಕ್ಕೆ ಬೀದಿಯಲ್ಲಿ ವಿದ್ಯುತ್ ದೀಪ ನೋಡಿದರು. ಆಮೇಲೆ ಮೋಟಾರು ಕಾರು, ಸಿನಿಮಾ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. 1940ರಲ್ಲಿ ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಎದ್ದಿತು. ಪೆನ್ಸಿಲಿನ್ ಬಂತು, ಅಣುಬಾಂಬು ಬಿತ್ತು. ಕಣ್ಣು ಮುಚ್ಚುವ ಮುಂಚೆ ಮನುಷ್ಯ ಚಂದ್ರನ ಮೇಲೆ ಓಡಾಡಿದ್ದನ್ನೂ ಕೇಳಿದರು.

ಇದರ ಮುಂದೆ 1970ರಲ್ಲಿ ಹುಟ್ಟಿದವರ ಅನುಭವ ಇಡಿ. ಬಸ್ಸು, ರೈಲು, ಫ್ಯಾನು, ಚುಚ್ಚುಮದ್ದು, ವಿಮಾನ ಎಲ್ಲ ಆಗಲೇ ಇದ್ದವು. ಸುಧಾರಿಸಿದವು, ಅಷ್ಟೆ. ಪೂರಾ ಹೊಸದಾಗಿ ಬಂದದ್ದು ಸುದ್ದಿ, ಮಾತು, ದುಡ್ಡು, ಚಿತ್ರ ಓಡಾಡುವ ರೀತಿ. ಅಲ್ಲಿ ಮಾತ್ರ ನಮ್ಮಷ್ಟು ನೋಡಿದವರು ಯಾರೂ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಅಂದಿನ ಬದಲಾವಣೆ ಮೊದಲು ಪೇಟೆಯ ಕೆಲವರನ್ನು ಮುಟ್ಟುತ್ತಿತ್ತು. ಇಂದಿನದು ಹೊಲದಲ್ಲಿರುವವರನ್ನೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಟ್ಟುತ್ತದೆ.

ಕರೆಂಟ್ ಬಂದ ದಿನವೇ "ಇದು ಚರಿತ್ರೆ" ಅಂತ ಜನಕ್ಕೆ ಗೊತ್ತಾಗಿರಬೇಕಲ್ವಾ?

ದೀಪ ಹತ್ತಿದ್ದು ಎಲ್ಲರಿಗೂ ಕಂಡಿತ್ತು. ಅದರಿಂದ ಮುಂದೆ ಏನೇನಾಗುತ್ತದೆ ಅನ್ನುವುದು ಕಂಡಿರಲಿಲ್ಲ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದಾಗ ಅದು ಯಾರ ಮನೆಗೂ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ ಒಯ್ದರು. ಆಗಿನ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಗಣಿ ಕಂಪನಿಗೆ ಹಬೆ ಯಂತ್ರದ ಇಂಧನದ ಖರ್ಚು ಉಳಿಯಿತು. ಮೈಸೂರು ಸರ್ಕಾರಕ್ಕೆ ದುಡ್ಡು ಕೊಡುವ ದೊಡ್ಡ ಗಿರಾಕಿ ಸಿಕ್ಕಿತು. ಇಬ್ಬರಿಗೂ ಅದು ಒಂದು ವ್ಯಾಪಾರ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ಕಳೆದು, 1905ರ ಆಗಸ್ಟ್‌ನಲ್ಲಿ.

ಹಳ್ಳಿಗಳ ಕಥೆ ಬೇರೆ. ಎಷ್ಟೋ ಬಡವರ ಮನೆಗೆ ಕರೆಂಟ್ ಅಂದರೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬು. ದೇಶದ ಎಲ್ಲ ಹಳ್ಳಿಗೂ ವಿದ್ಯುತ್ ಮುಟ್ಟಿತು ಎಂದು ಕೇಂದ್ರ ಸರ್ಕಾರ ಹೇಳಿದ್ದು 2018ರ ಏಪ್ರಿಲ್ 28ರಂದು, ಮಣಿಪುರದ ಒಂದು ಹಳ್ಳಿಗೆ ತಂತಿ ಎಳೆದ ಮೇಲೆ. ಅದರಲ್ಲೂ ಲೆಕ್ಕದ ಒಂದು ಚಮತ್ಕಾರ ಇದೆ. ಊರಿನ ನೂರಕ್ಕೆ ಹತ್ತು ಮನೆಗೆ ಮತ್ತು ಶಾಲೆ, ಪಂಚಾಯ್ತಿ ಕಟ್ಟಡದಂಥ ಕಡೆ ಕರೆಂಟ್ ಇದ್ದರೆ ಸಾಕು, ಇಡೀ ಹಳ್ಳಿಗೆ ಬಂತು ಅಂತ ಬರೆದುಕೊಳ್ಳುತ್ತಾರೆ.

ಹಾಗಾಗಿ "ಕರ್ನಾಟಕಕ್ಕೆ ಕರೆಂಟ್ ಯಾವಾಗ ಬಂತು?" ಅಂದರೆ 1902 ಅನ್ನುವುದು ಕ್ವಿಜ್‌ಗೆ ಸರಿ. ಯಾರ ಮನೆಗೆ, ಯಾವ ಕೆಲಸಕ್ಕೆ ಅಂತ ಕೇಳಿದರೆ ಮನೆಗೊಂದು ಇಸವಿ ಸಿಗುತ್ತದೆ. ನಿಮ್ಮ ಮನೆಯದು ಯಾವುದು ಅಂತ ಹಿರಿಯರನ್ನು ಕೇಳಿ ನೋಡಿ.

ಮಿಕ್ಸಿ, ಗ್ರೈಂಡರ್ ಬಗ್ಗೆ ಇಷ್ಟು ಮಾತಾಡ್ತೀರಲ್ಲ, ಅದೆಲ್ಲ ಇತಿಹಾಸಾನಾ?

ಖಂಡಿತ. ನಾಳೆ ಬೆಳಗ್ಗೆ ಎಂಟು ಜನಕ್ಕೆ ಇಡ್ಲಿ ಆಗಬೇಕು ಅಂದುಕೊಳ್ಳಿ. ಅಕ್ಕಿ, ಉದ್ದು ನೆನೆದಿವೆ. ಸಂಜೆ ಒರಳುಕಲ್ಲಿನ ಮುಂದೆ ಕೂರಬೇಕು. ಒಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಹಿಟ್ಟನ್ನು ಕಲ್ಲಿನಡಿಗೆ ತಳ್ಳುತ್ತಿರಬೇಕು. ಬೆರಳು ಸಿಕ್ಕಿಕೊಳ್ಳದ ಹಾಗೆ ಲಯ ತಪ್ಪಬಾರದು. ನಡುನಡುವೆ ನೀರು ಚಿಮುಕಿಸಬೇಕು. ಉದ್ದು ಉಬ್ಬಿ ಬೆಣ್ಣೆಯ ಹಾಗೆ ಬರಬೇಕು, ಅಕ್ಕಿ ತರಿತರಿಯಾಗಿ ನಿಲ್ಲಬೇಕು. ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ, ಭುಜಕ್ಕೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಕಲ್ಲು ತೊಳೆದು ರಾತ್ರಿಯ ಅಡುಗೆಗೆ ಏಳಬೇಕು. ಕಲ್ಲು ಸವೆದು ನುಣುಪಾದರೆ ಉಳಿ, ಸುತ್ತಿಗೆ ಹಿಡಿದು ಬೀದಿ ಸುತ್ತುವವರನ್ನು ಕೂಗಿ ಕರೆದು ಮತ್ತೆ ಒರಟು ಮಾಡಿಸಬೇಕು. ರಾಗಿ ಬೀಸುವುದು, ಖಾರದ ಪುಡಿ ಕುಟ್ಟುವುದು, ನೀರು ಸೇದುವುದು ಇದರ ಲೆಕ್ಕಕ್ಕೆ ಸೇರಿಲ್ಲ.

ಈ ಕೆಲಸ ಮಾಡಿದವರು ಬಹುಪಾಲು ಹೆಂಗಸರು. ಚರಿತ್ರೆ ಬರೆದವರು ಬಹುಪಾಲು ಇಡ್ಲಿ ತಿಂದವರು. ಹಾಗಾಗಿ ಕಬ್ಬಿಣದ ಕಾರ್ಖಾನೆಗೆ ಒಂದು ಅಧ್ಯಾಯ ಸಿಕ್ಕಿತು, ಮಿಕ್ಸಿಗೆ ಒಂದು ಸಾಲೂ ಸಿಗಲಿಲ್ಲ. ಕಳೆದುಕೊಂಡದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ರಾಗಿಕಲ್ಲಿನ ಮುಂದೆ ಹಾಡುತ್ತಿದ್ದ ಬೀಸುವ ಪದಗಳಿಗೂ ಕೆಲಸ ಹೋಯಿತು. ಅವನ್ನು ಈಗ ಜನಪದ ಸಂಗ್ರಹಗಳಲ್ಲಿ ಓದಬೇಕು. ಆದರೆ ಆ ಪದಗಳಿಗಾಗಿ ಯಾರನ್ನಾದರೂ ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕಲ್ಲಿನ ಮುಂದೆ ಕೂರಿಸಲು ನಾನಂತೂ ಒಪ್ಪುವುದಿಲ್ಲ.

ನನ್ನ ಮಗಳಿಗೆ ಎಸ್‌ಟಿಡಿ ಬೂತ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಅಷ್ಟು ಬೇಗ ಮಾಯವಾದದ್ದು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಎಷ್ಟು ದಿನ ಇತ್ತು ಅನ್ನುವುದಕ್ಕಿಂತ ಇದ್ದಷ್ಟು ದಿನ ಏನು ಮಾಡಿತು ಅನ್ನುವುದು ಮುಖ್ಯ.

1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗೆಂದೇ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿತು. ಧೂಳು, ಸೆಕೆ ತಡೆದುಕೊಳ್ಳುತ್ತಿತ್ತು, ಹವಾನಿಯಂತ್ರಿತ ಕೋಣೆ ಕೇಳುತ್ತಿರಲಿಲ್ಲ. ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಹೆಸರೂ ಸಲ್ಲಬೇಕು, ಆದರೆ ಯಾರೂ ಹೇಳುವುದಿಲ್ಲ. ಆಮೇಲೆ ದುಡ್ಡು ಕೊಟ್ಟು ದೂರದ ಊರಿಗೆ ಫೋನ್ ಮಾಡುವ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಲ್ಲಿ ಎದ್ದವು. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಪುಟ್ಟ ಬಿಲ್ಲು ಉಗುಳುವ ಪ್ರಿಂಟರು. ರಾತ್ರಿ ರೇಟು ಇಳಿಯುವುದನ್ನೇ ಕಾದು ಸಾಲು ನಿಲ್ಲುತ್ತಿದ್ದರು. ಮನೆಗೆ ಫೋನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಫೋನು ಸ್ವಂತದ್ದಾಗದೆಯೂ ಬಳಸಬಹುದು ಅನ್ನುವುದನ್ನು ಬೂತು ತೋರಿಸಿತು. ಅನೇಕ ಕಡೆ ಅಂಗವಿಕಲರಿಗೆ ಅದೇ ಜೀವನೋಪಾಯವೂ ಆಯಿತು. ಮೊಬೈಲ್ ಬಂದಾಗ ಜನ ಅಷ್ಟು ಬೇಗ ಒಗ್ಗಿಕೊಂಡದ್ದರಲ್ಲಿ ಬೂತಿನ ಪಾಲು ದೊಡ್ಡದು ಅನ್ನುವುದು ನನ್ನ ಲೆಕ್ಕಾಚಾರ.

ದಿನಾ ಒಂದು ಹೊಸದು ಬರುತ್ತೆ, ತಲೆ ಕೆಟ್ಟು ಹೋಗುತ್ತೆ. ಎಲ್ಲ ತಿಳ್ಕೊಳ್ಳಲೇಬೇಕಾ?

ಬೇಡ. ನಿಮ್ಮ ಹೊಟ್ಟೆಪಾಡಿಗೆ, ಮಕ್ಕಳ ಓದಿಗೆ, ಬ್ಯಾಂಕ್ ಖಾತೆಗೆ ಕೈ ಹಾಕುವುದನ್ನು ತಿಳಿದುಕೊಳ್ಳಿ. ಉಳಿದದ್ದು ಎರಡು ವರ್ಷ ಬದುಕಿದ್ದರೆ ಆಮೇಲೆ ನೋಡಿದರಾಯಿತು.

## ಸ್ವಲ್ಪ ಒಳಕ್ಕೆ ಹೋದರೆ

ಯಾವುದು ನಿಜವಾದ ಬದಲಾವಣೆ, ಯಾವುದು ಬರೀ ಗದ್ದಲ? ಗುರುತು ಹಿಡಿಯೋದು ಹೇಗೆ?

ನಾನು ಮಾಡುವುದು ಇಷ್ಟೇ. ಅದನ್ನು ಒಂದು ವಾರ ಕಿತ್ತುಹಾಕಿದರೆ ಇನ್ನೇನೇನು ನಿಲ್ಲುತ್ತದೆ ಅಂತ ಯೋಚಿಸುತ್ತೇನೆ. ಚುಟುಕು ಸಂದೇಶ ತೋರಿಸುವ ಪುಟ್ಟ ಡಬ್ಬಿ ಪೇಜರು 1995ರ ಸುಮಾರಿಗೆ ಬಂದಾಗ ಸೊಂಟಕ್ಕೆ ಸಿಕ್ಕಿಸಿಕೊಂಡವರ ಗತ್ತೇ ಬೇರೆ ಇತ್ತು. ಕೆಲವೇ ವರ್ಷಗಳಲ್ಲಿ ಹೋಯಿತು, ಯಾರ ಕೆಲಸವೂ ಕೆಡಲಿಲ್ಲ. ಯುಪಿಐ ನೋಡಿ. 2016ರ ಏಪ್ರಿಲ್‌ನಲ್ಲಿ ಶುರುವಾದಾಗ ಹೆಚ್ಚಿನವರು ಗಮನಿಸಲೇ ಇಲ್ಲ. ಇವತ್ತು ಒಂದು ಗಂಟೆ ಸರ್ವರ್ ಕೈಕೊಟ್ಟರೆ ಎಳನೀರು ಗಾಡಿಯ ಮುಂದೆ ಜನ ಪೆಚ್ಚಾಗಿ ನಿಲ್ಲುತ್ತಾರೆ. ಚಿಲ್ಲರೆ ಇಲ್ಲ ಅಂತ ಚಾಕಲೇಟು ಕೊಡುವ ಅಂಗಡಿಯ ಪದ್ಧತಿಯೂ ಹೆಚ್ಚುಕಡಿಮೆ ಸತ್ತಿತು.

ಎರಡನೆಯದು, ಮೊದಲು ಕಾಣದಿದ್ದದ್ದು ಏನು ಕಾಣತೊಡಗಿತು ಅನ್ನುವುದು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸು ಬಂದವು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಚೀಟಿಗಳು ಕಂಡವು. ಗಲ್ಲಾಪೆಟ್ಟಿಗೆ ಒಳಗಿನ ಲೆಕ್ಕ ಸರ್ಕಾರಕ್ಕೆ ಕಾಣುವುದು ಅಂದರೆ ಸಣ್ಣ ಮಾತಲ್ಲ. ಸಲೀಸು ಅನ್ನುವ ಗುಣಕ್ಕಿಂತ ಇದೇ ಮುಂದೆ ಜಾಸ್ತಿ ಚರ್ಚೆಯಾಗುತ್ತದೆ.

ಯಂತ್ರ ಬಂದು ವರ್ಷಗಟ್ಟಲೆ ಆದ್ಮೇಲೆ ಪರಿಣಾಮ ಕಾಣೋದು ಯಾಕೆ?

ಯಂತ್ರ ಕೊಳ್ಳುವುದು ಸುಲಭ, ಅದರ ಸುತ್ತ ಇರುವ ಪದ್ಧತಿ ಬದಲಿಸುವುದು ಕಷ್ಟ.

ಅಮೆರಿಕದ ಕಾರ್ಖಾನೆಗಳ ಉದಾಹರಣೆ ಅರ್ಥಶಾಸ್ತ್ರಜ್ಞರಿಗೆ ಬಲು ಇಷ್ಟ. ಹಬೆಯ ಕಾಲದಲ್ಲಿ ಒಂದೇ ದೊಡ್ಡ ಎಂಜಿನು, ಸೂರಿನುದ್ದಕ್ಕೂ ಒಂದು ತಿರುಗುವ ದಂಡ, ಅದರಿಂದ ಇಳಿಬಿಟ್ಟ ಬೆಲ್ಟುಗಳಿಗೆ ಕಟ್ಟಿದ ಯಂತ್ರಗಳು. ಎಡಿಸನ್ನನ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ 1882ರಲ್ಲೇ ಶುರುವಾಗಿತ್ತು. ಆದರೆ ಮಾಲೀಕರು ಎಂಜಿನು ತೆಗೆದು ಅದೇ ಜಾಗಕ್ಕೆ ಒಂದು ದೊಡ್ಡ ಮೋಟಾರು ಇಟ್ಟು ಸುಮ್ಮನಾದರು. ದಂಡ, ಬೆಲ್ಟು ಎಲ್ಲ ಹಾಗೇ. ಲಾಭ ಅಷ್ಟಕ್ಕಷ್ಟೇ. ಯಂತ್ರಕ್ಕೊಂದು ಮೋಟಾರು ಕೊಟ್ಟು, ಕಟ್ಟಡವನ್ನೇ ಕೆಲಸದ ಕ್ರಮಕ್ಕೆ ತಕ್ಕ ಹಾಗೆ ಕಟ್ಟಿದ ಮೇಲೆ, ಅಂದರೆ 1920ರ ದಶಕದಲ್ಲಿ, ಉತ್ಪಾದನೆ ಜಿಗಿಯಿತು. ನಲವತ್ತು ವರ್ಷ!

ನಮ್ಮ ಉದಾಹರಣೆ ಪಹಣಿ, ಅಂದರೆ ಜಮೀನಿನ ದಾಖಲೆ. ಮೊದಲು ಅದು ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000. ಸಾಲಕ್ಕೆ, ಕೋರ್ಟಿಗೆ ಪಹಣಿ ಬೇಕಾದರೆ ಅವರು ಸಿಗುವವರೆಗೆ ಕಾಯಬೇಕು, ಕೈ ಬೆಚ್ಚಗೆ ಮಾಡಬೇಕು. 1990ರ ದಶಕದಲ್ಲೇ ಇದನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ನಡೆದಿತ್ತು, ಉಪಯೋಗ ಆಗಲಿಲ್ಲ. ಕೈಬರಹದ ಪುಸ್ತಕ ಊರಲ್ಲಿ ನಡೆಯುತ್ತಲೇ ಇತ್ತು, ಕಂಪ್ಯೂಟರಿನದು ಹಳೆಯದಾಗುತ್ತಲೇ ಹೋಯಿತು. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ಹತ್ತಿರ ಹತ್ತಿರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕತೊಡಗಿತು. ನನ್ನ ಪ್ರಕಾರ ಅದರ ಜೀವಾಳ ಒಂದು ಆದೇಶ: ಇನ್ನು ಕೈಬರಹದ ಪಹಣಿ ಚಲಾವಣೆಯಲ್ಲಿ ಇಲ್ಲ. ಹಿಂದಿನ ಬಾಗಿಲು ಮುಚ್ಚಿದ ದಿನ ಕಂಪ್ಯೂಟರು ನಿಜವಾಗಿ ಬಂತು. ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೂ ಇದರಿಂದ ದಾರಿ ಸಲೀಸಾಯಿತು ಎಂಬ ಟೀಕೆ ಆಮೇಲೆ ಬಂತು. ಅದನ್ನೂ ಸೇರಿಸಿಯೇ ಓದಬೇಕು.

ನೀವು ಕೊಳವೆಬಾವಿಯನ್ನು ಫೋನಿಗಿಂತ ದೊಡ್ಡದು ಅಂದ್ರಂತೆ. ತಮಾಷೆಗಾ?

ಇಲ್ಲ, ನಿಜವಾಗಿಯೇ. ಕೋಲಾರದ ಕಡೆ ಹೋಗಿ. ವರ್ಷಪೂರ್ತಿ ಹರಿಯುವ ನದಿ ಅಲ್ಲಿಲ್ಲ. ಶತಮಾನಗಳಿಂದ ಅಲ್ಲಿನ ಬದುಕು ನಿಂತಿದ್ದು ಕೆರೆಗಳ ಮೇಲೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಲು ನೀರುಗಂಟಿ ಇದ್ದ. ತೆರೆದ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ನೀರು ಅಂದರೆ ಊರಿನದು. ಹೂಳು ತೆಗೆಯಲು ಊರೆಲ್ಲ ಸೇರಬೇಕಿತ್ತು, ಜಗಳವಾದರೂ ಊರೇ ಕೂತು ಬಗೆಹರಿಸಬೇಕಿತ್ತು.

ಕೊಳವೆಬಾವಿ ಕೊರೆಯುವ ರಿಗ್ ಲಾರಿ ಬಂದ ಮೇಲೆ ನೀರು ಒಬ್ಬೊಬ್ಬರದಾಯಿತು. ದುಡ್ಡಿದ್ದವನು ತನ್ನ ಹೊಲದಲ್ಲಿ ಕೊರೆಸಿದ. ಟೊಮ್ಯಾಟೊ, ಹಿಪ್ಪುನೇರಳೆ, ತರಕಾರಿ ಬಂತು. ಕೋಲಾರ ಇಡೀ ದೇಶಕ್ಕೆ ಟೊಮ್ಯಾಟೊ ಕಳಿಸುವ ಊರಾಯಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆಯಾದ ಮೇಲೆ ಮೋಟಾರು ಆರಿಸುವ ಕಾರಣವೇ ಉಳಿಯಲಿಲ್ಲ. ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿ ಮಲಗಿದರೆ ಕರೆಂಟ್ ಬಂದಾಗ ತಾನೇ ಓಡುತ್ತದೆ. ನೀರು ಇಳಿಯುತ್ತ ಹೋಯಿತು. ಸಾವಿರ ಅಡಿ ದಾಟಿದರೂ ಧೂಳು ಬರುವ ಕಡೆಗಳಿವೆ. ಸಿಕ್ಕಲ್ಲೂ ಫ್ಲೋರೈಡ್ ಕಾಟ. ಕೆರೆಯ ಕಡೆ ಯಾರೂ ತಿರುಗಿ ನೋಡಲಿಲ್ಲ, ನೀರುಗಂಟಿಯ ಕೆಲಸಕ್ಕೆ ಅರ್ಥ ಉಳಿಯಲಿಲ್ಲ. ಕೊನೆಗೆ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ.

ಬೆಳೆ, ಸಾಲ, ಜಮೀನಿನ ಬೆಲೆ, ಊರಿನ ಒಗ್ಗಟ್ಟು, ಕುಡಿಯುವ ನೀರಿನ ರುಚಿ, ಕರೆಂಟ್ ಸಬ್ಸಿಡಿಯ ರಾಜಕೀಯ. ಇಷ್ಟಕ್ಕೂ ಕೈ ಹಾಕಿದ ಯಂತ್ರ ನಮ್ಮಲ್ಲಿ ಇನ್ನೊಂದಿದ್ದರೆ ಹೇಳಿ. ಅದಕ್ಕೆ ಪರದೆ ಇಲ್ಲ, ಜಾಹೀರಾತು ಇಲ್ಲ. ಅದಕ್ಕೇ ಯಾರೂ ಅದನ್ನು ಟೆಕ್ನಾಲಜಿ ಅನ್ನುವುದಿಲ್ಲ.

ದೊಡ್ಡ ಬದಲಾವಣೆ ಅಂದ್ರೆ ಒಳ್ಳೆ ಬದಲಾವಣೆ ಅಂತಾನಾ?

ಅಲ್ಲ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ದಾರಿಯನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ. 1913ರಲ್ಲಿ ಜರ್ಮನಿಯಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತು ಜಗತ್ತಿನ ಹತ್ತಿರ ಹತ್ತಿರ ಅರ್ಧ ಜನರ ಊಟ ಆ ಗೊಬ್ಬರದ ಮೇಲೆ ನಿಂತಿದೆ ಎಂದು ಅಂದಾಜು. ಅದೇ ಅಮೋನಿಯಾ ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಸಿಡಿಮದ್ದೂ ಆಯಿತು. ಎಷ್ಟು ದೊಡ್ಡದು ಅಂತ ಒಂದು ಸಲ ಕೇಳಿ, ಯಾರಿಗೆ ಒಳ್ಳೆಯದು ಅಂತ ಇನ್ನೊಂದು ಸಲ ಕೇಳಿ. ಎರಡನ್ನೂ ಕಲಸಿದರೆ ಉತ್ತರ ಸಿಗುವುದಿಲ್ಲ.

ಎತ್ತಿನಗಾಡಿ ಮೇಲೆ ಸ್ಯಾಟಲೈಟ್ ಇಟ್ಕೊಂಡು ಹೋಗೋ ಫೋಟೋ ಇದೆಯಲ್ಲ, ನಮ್ಮ ಬಡತನಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಅದು 1981ರ 'ಆ್ಯಪಲ್' ಉಪಗ್ರಹದ ಚಿತ್ರ, ಬೆಂಗಳೂರಿನದು. ಇಸ್ರೋ ಹತ್ತಿರ ಲಾರಿಗೆ ದುಡ್ಡಿರಲಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಸಲಿ ವಿಷಯ ಬೇರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು. ಲೋಹದ ವಾಹನ ತಂದರೆ ಅಳತೆ ಕೆಡುತ್ತಿತ್ತು. ಮರದ ಗಾಡಿ ಬಯಲಲ್ಲಿ ಇದ್ದರೆ ಆ ತೊಂದರೆ ಇಲ್ಲ. ಬಡತನದ ಗುರುತು ಅಂತ ಎಲ್ಲರೂ ಹಂಚಿಕೊಂಡ ಚಿತ್ರ ಒಂದು ಜಾಣ ಎಂಜಿನಿಯರಿಂಗ್ ಉಪಾಯದ ಚಿತ್ರ. ನಮ್ಮ ಕಾಲದ ಫೋಟೋಗಳನ್ನು ಮುಂದಿನವರು ಹೇಗೆಲ್ಲ ಓದುತ್ತಾರೋ!

ಹೊಸದೆಲ್ಲ ಹೊರಗಿಂದಲೇ ಬಂದಿದ್ದಾ? ನಮ್ಮದು ಅಂತ ಏನಾದ್ರೂ ಇದೆಯಾ?

ಇಂಡಾಫ್ ರಾಗಿ ಕೇಳಿದ್ದೀರಾ? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು. ರಾಗಿ ಹೂವು ತೀರಾ ಸಣ್ಣದು, ತನ್ನಷ್ಟಕ್ಕೆ ತಾನೇ ಕಾಳು ಕಟ್ಟುತ್ತದೆ. ಅದರಲ್ಲಿ ಸಂಕರ ಮಾಡುವುದಕ್ಕೆ ವಿಪರೀತ ತಾಳ್ಮೆ ಬೇಕು. 1970ರ ದಶಕದಿಂದ ಈ ತಳಿಗಳು ಹೊಲಕ್ಕೆ ಇಳಿದ ಮೇಲೆ ಇಳುವರಿ ಚೆನ್ನಾಗಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಹಳೇ ಮೈಸೂರಿನ ಎಷ್ಟೋ ಮನೆಗಳ ಮುದ್ದೆಯ ಹಿಂದೆ ಅವರ ಕೈ ಇದೆ.

## ಇನ್ನೂ ಆಳದ ಪ್ರಶ್ನೆಗಳು

ಬ್ಯಾಂಕಿಗೆ ಕಂಪ್ಯೂಟರ್ ಬೇಡ ಅಂತ ಗಲಾಟೆ ಮಾಡಿದ್ರು. ಅವರ ಭಯ ಸುಳ್ಳಾಯ್ತಲ್ವಾ?

ಅಷ್ಟು ಸಲೀಸಾಗಿ ಹೇಳಬೇಡಿ. 1980ರ ದಶಕದ ಮೊದಲಲ್ಲಿ ನೌಕರರ ಸಂಘಗಳು ಕೆಲಸ ಹೋಗುತ್ತದೆ ಎಂದು ವಿರೋಧಿಸಿದವು. ಹಾಗಾಗಿ ಕಂಪ್ಯೂಟರು ಏಕಾಏಕಿ ಬರಲಿಲ್ಲ. ಸಂಘಗಳ ಜೊತೆ ಒಪ್ಪಂದವಾಯಿತು, 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಿತು, ಹಂತಹಂತವಾಗಿ ಬಂತು. ತಕ್ಷಣ ಯಾರನ್ನೂ ಮನೆಗೆ ಕಳಿಸಲಿಲ್ಲ. ಆದರೆ 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರಗೆ ಹೋದರು. ಒಂದು ಕಾಲಕ್ಕೆ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಲ್ಲಿ ಪಿಯುಸಿ, ಡಿಗ್ರಿ ಮುಗಿಸಿದ ಮಗ ಬ್ಯಾಂಕ್ ಗುಮಾಸ್ತನಾಗುವುದು ಮಾಮೂಲು ದಾರಿಯಾಗಿತ್ತು. ಆ ದಾರಿ ಕಿರಿದಾಯಿತು.

ಇನ್ನೊಂದು ಕಡೆ ಅದೇ ಕಂಪ್ಯೂಟರು ಬೆಂಗಳೂರಿನಲ್ಲಿ ಲಕ್ಷಾಂತರ ಕೆಲಸ ಹುಟ್ಟಿಸಿತು. ಕೆಲಸ ಕಳೆದುಕೊಂಡ ಮನೆಗೇ ಹೊಸ ಕೆಲಸ ಬರುತ್ತದೆ ಅನ್ನುವ ಖಾತ್ರಿ ಮಾತ್ರ ಇಲ್ಲ. ಒಟ್ಟು ಲೆಕ್ಕ ಸರಿಹೋಯಿತು ಅನ್ನುವವರು ಈ ಮಾತನ್ನು ನುಂಗಿಬಿಡುತ್ತಾರೆ. ಪ್ರತಿಭಟನೆ ಮಾಡಿದವರಿಂದ ಸಿಕ್ಕ ಕಾಲಾವಕಾಶವೂ ಚರಿತ್ರೆಯ ಒಂದು ಭಾಗವೇ.

ಬದಲಾವಣೆಯ ವೇಗ ಹೆಚ್ಚಿದೆ ಅನ್ನೋದಕ್ಕೆ ಲೆಕ್ಕ ಇದೆಯಾ, ಸುಮ್ನೆ ಹಾಗನ್ನಿಸೋದಾ?

ಲೆಕ್ಕ ಇದೆ, ಆದರೆ ಎಲ್ಲಿಂದ ಎಣಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತಾದಿಂದ ದೆಹಲಿಗೆ ಹೋಯಿತು. ಆಗ ಹೊತ್ತು ನೋಡಿ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು, ಬಂದ ಕರೆಗೂ ದುಡ್ಡು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಹತ್ತಾರು ವರ್ಷದಲ್ಲಿ ಕೂಲಿಗೆ ಹೋಗುವವರ ಕೈಗೂ ಮೊಬೈಲ್ ಬಂತು. ವಿದ್ಯುತ್ತಿಗೆ ಅದೇ ದೂರ ಸಾಗಲು ನೂರು ವರ್ಷ ಹಿಡಿದಿತ್ತು.

ಆದರೆ ಮೊಬೈಲಿಗೆ ಚಾರ್ಜ್ ಎಲ್ಲಿಂದ ಬಂತು? ಆ ನೂರು ವರ್ಷದ ತಂತಿಯಿಂದಲೇ. ಯುಪಿಐ ಕೆಲವೇ ವರ್ಷದಲ್ಲಿ ಹಬ್ಬಿತು ಅನ್ನುವಾಗಲೂ ಹಾಗೇ. 2010ರಿಂದ ಕೊಟ್ಟ ಆಧಾರ್, 2014ರ ಜನಧನ್ ಖಾತೆಗಳು, 2016ರಲ್ಲಿ ಜಿಯೋ ಬಂದ ಮೇಲೆ ಅಗ್ಗವಾದ ಡೇಟಾ, ಅದೇ ವರ್ಷದ ನೋಟು ರದ್ದತಿ, ಎಲ್ಲ ಸೇರಿ ದಾರಿ ಮಾಡಿಟ್ಟವು. ಕೊನೆಗೆ ಬಂದದ್ದು ವೇಗವಾಗಿ ಬಂದಂತೆ ಕಾಣುತ್ತದೆ.

ಎಐ ಕರೆಂಟಿನಷ್ಟು ದೊಡ್ಡದಾ, ಪೇಜರಿನಷ್ಟಾ? ಸುತ್ತಿ ಬಳಸಿ ಮಾತಾಡ್ಬೇಡಿ, ಒಂದು ಉತ್ತರ ಕೊಡಿ.

ಪೇಜರ್ ಅಲ್ಲ. ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಪ್ರೊಟೀನಿನ ಆಕಾರವನ್ನು ಎಐ ಮೂಲಕ ಊಹಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ವಿಜ್ಞಾನದೊಳಗೆ ಅದು ಆಗಲೇ ಬೇರು ಬಿಟ್ಟಿದೆ.

ಕರೆಂಟಿನಷ್ಟು ಅನ್ನಲು ಸಾಕ್ಷಿ ಇನ್ನೂ ಸಾಲದು. ಮೇಲೆ ಹೇಳಿದ ಅಮೆರಿಕದ ಕಾರ್ಖಾನೆಗಳ ಹಾಗೆ ನಾವೀಗ ಇರುವುದು ಹಬೆ ಎಂಜಿನು ತೆಗೆದು ಮೋಟಾರು ಇಟ್ಟ ಹಂತದಲ್ಲಿ. ಅದೇ ಆಫೀಸು, ಅದೇ ಮೀಟಿಂಗು, ಅದೇ ವರದಿ. ವರದಿ ಬೇಗ ಸಿದ್ಧವಾಗುತ್ತದೆ, ಓದುವವನೂ ಅದರ ಸಾರಾಂಶವನ್ನು ಎಐ ಹತ್ತಿರವೇ ಕೇಳುತ್ತಾನೆ. ನಾನು ಕಾಯುತ್ತಿರುವುದು ಪದ್ಧತಿ ಮುರಿಯುವ ಸುದ್ದಿಗೆ. ತಾಲೂಕು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಇಲ್ಲದೆ ಯಂತ್ರ ಓದಿದ ಎಕ್ಸ್‌ರೇಯನ್ನು ಕಾನೂನು ಒಪ್ಪಿದ ದಿನ. ಬೆಂಗಳೂರಿನ ಕಂಪನಿಗಳು ಹೊಸ ಎಂಜಿನಿಯರುಗಳನ್ನು ಸಾವಿರಗಟ್ಟಲೆ ತೆಗೆದುಕೊಂಡು ತರಬೇತಿ ಕೊಡುವ ಪದ್ಧತಿಯನ್ನೇ ಕೈಬಿಟ್ಟ ದಿನ. ವಿಶ್ವವಿದ್ಯಾಲಯ ಮೂರು ಗಂಟೆಯ ಲಿಖಿತ ಪರೀಕ್ಷೆ ನಿಲ್ಲಿಸಿದ ದಿನ. ಇಂಥವು ಸಾಲುಸಾಲಾಗಿ ಬಂದರೆ ನಾನೂ ಕರೆಂಟಿನ ಜೊತೆ ಹೋಲಿಸುತ್ತೇನೆ.

ತಮ್ಮ ಕಾಲಕ್ಕೆ ತಾವೇ ತೀರ್ಪು ಕೊಡೋಕಾಗುತ್ತಾ? ನೂರು ವರ್ಷ ಕಾಯಬೇಕಲ್ವಾ?

ಕಾಯಬೇಕಾದದ್ದೂ ಇದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ತಂದರು. ಕಲ್ಲಚ್ಚಿನಲ್ಲಿ ಅಚ್ಚಾದ, ಹದಿನೈದು ದಿನಕ್ಕೊಮ್ಮೆ ಬರುವ ಪುಟ್ಟ ಪತ್ರಿಕೆ. ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು, ಬಹಳ ದಿನ ನಡೆಯಲಿಲ್ಲ. ಅಂದು ಲೆಕ್ಕ ಹಾಕಿದವರಿಗೆ ಅದು ಸೋತ ಪ್ರಯತ್ನ. ಇವತ್ತು ಜುಲೈ 1 ಕನ್ನಡ ಪತ್ರಿಕಾ ದಿನ. ನಡುವೆ ಬಂದ ನೂರಾರು ಪತ್ರಿಕೆಗಳು ಅದಕ್ಕೆ ಆ ಜಾಗ ಕೊಟ್ಟವು. ಅವು ಬರುತ್ತವೆ ಅಂತ 1844ರಲ್ಲಿ ಯಾರಿಗೆ ಗೊತ್ತಿತ್ತು?

ಆದರೆ ಒಳಗಿರುವವರಿಗೆ ಮಾತ್ರ ಗೊತ್ತಿರುವುದೂ ಇದೆ. ಒಂದು ಪಹಣಿಗೆ ಎಷ್ಟು ಸಲ ಅಲೆದಾಟ, ರುಬ್ಬಲು ಎಷ್ಟು ಹೊತ್ತು, ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ದುಬೈಯಲ್ಲಿರುವ ಮಗನ ಮುಖ ನೋಡಿದಾಗ ಮನೆಯವರು ಏನು ಮಾತಾಡಿದರು. ನೂರು ವರ್ಷ ಆದಮೇಲೆ ಬರುವ ಇತಿಹಾಸಕಾರನಿಗೆ ಪರಿಣಾಮ ಕಾಣುತ್ತದೆ, ಇದು ಸಿಗುವುದಿಲ್ಲ.

ಹಾಗಾದ್ರೆ ನಮ್ಮಂಥವರು ಏನು ಬರೆದಿಡಬೇಕು?

ಬೆಲೆ, ಹೊತ್ತು, ಕ್ರಮ. ನಿಮ್ಮ ಅಂಗಡಿಯಲ್ಲಿ ಮೊದಲ ಕ್ಯೂಆರ್ ಕೋಡ್ ಅಂಟಿಸಿದ್ದು ಯಾವಾಗ, ಯಾರು ಹೇಳಿದ್ದಕ್ಕೆ? ಕೊಳವೆಬಾವಿ ಯಾವ ವರ್ಷ ಎಷ್ಟು ಅಡಿಗೆ ಹೋಯಿತು, ಅಡಿಗೆ ಎಷ್ಟು ಕೊಟ್ಟಿರಿ? ಅದರ ಬಿಲ್ಲು ಇದ್ದರೆ ಬಿಸಾಡಬೇಡಿ. ಹಿರಿಯರನ್ನು "ಆ ಕಾಲ ಹೇಗಿತ್ತು?" ಅಂತ ಕೇಳಿದರೆ ಚೆನ್ನಾಗಿತ್ತು ಅಂದು ಮುಗಿಸುತ್ತಾರೆ. "ಬೆಳಗ್ಗೆ ಎದ್ದ ತಕ್ಷಣ ಏನು ಮಾಡ್ತಿದ್ರಿ, ಆಮೇಲೆ?" ಅಂತ ಕೇಳಿ.

ಕಂಪ್ಯೂಟರಿನಲ್ಲಿ ಇಟ್ಟದ್ದು ಉಳಿಯುತ್ತದೆ ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷದ ಹಿಂದೆ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಇವತ್ತು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ಕೆಟ್ಟಿವೆಯಾ ಅಂತ ಒಮ್ಮೆ ಕಣ್ಣಾಡಿಸಿ, ಮುಖ್ಯವಾದದ್ದನ್ನು ಕಾಗದದ ಮೇಲೂ ಅಚ್ಚು ಹಾಕಿಸಿಡಿ. ಸಿ.ಡಿ.ಗಳಲ್ಲಿ ಮದುವೆ ವಿಡಿಯೋ ಇದ್ದರೆ ಈ ವರ್ಷವೇ ನಕಲು ಮಾಡಿಸಿ.

ನೂರು ವರ್ಷ ಬಿಟ್ಟು ನಮ್ಮ ಕಾಲದ ಯಾವುದು ಪಾಠದ ಪುಸ್ತಕಕ್ಕೆ ಹೋಗುತ್ತೆ? ಪಂದ್ಯ ಕಟ್ಟಿ ನೋಡೋಣ.

ಕಟ್ಟುತ್ತೇನೆ, ಸೋತರೆ ವಸೂಲಿಗೆ ಯಾರೂ ಬರುವುದಿಲ್ಲವಲ್ಲ. ನನ್ನ ದುಡ್ಡು ಪಾವಗಡದ ಮೇಲೆ. ತುಮಕೂರು ಜಿಲ್ಲೆಯ ಆ ಬರದ ತಾಲೂಕಿನಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟ್. ದೊಡ್ಡ ಅಣೆಕಟ್ಟು, ಕಾರ್ಖಾನೆಗಳಿಗೆ ಜಮೀನು ಕಿತ್ತುಕೊಂಡ ಹಾಗೆ ಇಲ್ಲಿ ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಹಾಗೆ ಗುತ್ತಿಗೆಗೆ ತೆಗೆದುಕೊಂಡರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಬಾರದ ಊರಿನಲ್ಲಿ ಬಿಸಿಲಿಗೆ ಬಾಡಿಗೆ! ಜಮೀನಿದ್ದವರಿಗೆ ಅದು ಸಿಗುತ್ತಿದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಲ್ಲೇ ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಬೇಲಿ ಬಿದ್ದಿದೆ. ಗುತ್ತಿಗೆ ಮುಗಿಯುವ ಹೊತ್ತಿಗೆ ಉಳುವುದು ಗೊತ್ತಿಲ್ಲದ ಒಂದು ತಲೆಮಾರು ಅಲ್ಲಿ ಬೆಳೆದಿರುತ್ತದೆ. ಆ ಜಮೀನನ್ನು ಅವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ನನ್ನ ಪಂದ್ಯ ನಿಂತಿದೆ.